ಅಮಾಸಿಗೊಮ್ಮೆ ಬಾಜು ಬದಲಿಸಿದ ಓಣಿ

ಚಿಕ್ಕೋಡಿಯಲ್ಲಿ ಮನೆ ಕೊಳ್ಳಬೇಕೆಂದು ಯಾರಾದರೂ ನನ್ನ ಹತ್ತಿರ ಬಂದರೆ ನಾನು ಹೇಳುವುದು ಒಂದೇ ಮಾತು: ಭಾನುವಾರ ನೋಡಲು ಹೋಗಬೇಡಿ, ಕೋರ್ಟು ನಡೆಯುವ ದಿನ ಹೋಗಿ. ಭಾನುವಾರ ಎಲ್ಲ ಓಣಿಗಳೂ ಅಗಲವಾಗಿಯೇ ಕಾಣುತ್ತವೆ. ನಾನು ಹಳೆಯ ಜೀಪು, ಕಾರು, ಟ್ರ್ಯಾಕ್ಟರು ಕೊಡಿಸಿ ಮೇಲೆ ಬಂದವನು. ಬಾನೆಟ್ಟು ಎತ್ತದೆ ಒಂದು ಗಾಡಿಗೂ ಮಾತು ಕೊಟ್ಟವನಲ್ಲ. ಮನೆಯನ್ನು ಮಾತ್ರ ಭಾನುವಾರ ನೋಡಿಬಿಟ್ಟೆ.

ನಮ್ಮದು ಕೋರ್ಟಿನ ಹಿಂದಿನ ಓಣಿ. ಎರಡು ಸಾವಿರದ ಇಸವಿಯ ಸುಮಾರಿಗೆ ನಾವು ಬಂದಾಗ ಅಲ್ಲಿ ಸೈಕಲ್ಲು, ಒಂದಷ್ಟು ಮೋಟರ್‌ಸೈಕಲ್ಲು ಬಿಟ್ಟರೆ ಬೇರೇನೂ ನಿಲ್ಲುತ್ತಿರಲಿಲ್ಲ. ಆಮೇಲೆ ಕಬ್ಬು ಕೈಹಿಡಿದ ವರ್ಷಗಳಲ್ಲಿ ಮನೆಮನೆಗೂ ನಾಲ್ಕು ಗಾಲಿ ಬಂತು. ಅದರಲ್ಲಿ ಅರ್ಧ ನಾನೇ ಕೊಡಿಸಿದ್ದು. ಅದರ ಮೇಲೆ ಅಥಣಿ, ರಾಯಬಾಗ, ಕಾಗವಾಡದಿಂದ ಕೇಸಿನ ತಾರೀಖಿಗೆ ಬರುವವರು. ಕೋರ್ಟಿನ ಮುಂದೆ ಜಾಗ ಸಿಗದಿದ್ದರೆ ನಮ್ಮ ಬಾಗಿಲಿಗೆ ಗಾಡಿ ಹಚ್ಚಿ, ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡು ನಡೆದುಬಿಡುತ್ತಿದ್ದರು. ಅವರ ಕೇಸು ಮುಗಿಯುವವರೆಗೆ ನಾವು ಮನೆಯಲ್ಲಿ ಬಂದಿ.

ಅದನ್ನೂ ಸಹಿಸಿಕೊಂಡು ಹೋಗಬಹುದಿತ್ತು, ಓಣಿಗೆಲ್ಲ ಅತ್ತಿಗೆಯಂತಿದ್ದ ಪಕ್ಕದ ಮನೆಯ ವೈನಿಯ ಕಿಡ್ನಿ ಕೈಕೊಡದಿದ್ದರೆ. ಅವರ ಯಜಮಾನರು ನಿವೃತ್ತ ಬಸ್ ಕಂಡಕ್ಟರು. ಮಕ್ಕಳಿಲ್ಲದ ಮನೆ. ವಾರಕ್ಕೆರಡು ಮುಂಜಾನೆ ಮಿರಜ್‌ಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಕಾಲು ಬಾತು ಓಣಿಯ ಬಾಯಿಯವರೆಗೂ ನಡೆಯಲಾಗದು, ವ್ಯಾನು ಬಾಗಿಲಿಗೇ ಬರಬೇಕು. ತಡವಾದರೆ ಅವರ ಪಾಳಿ ಮತ್ತೊಬ್ಬರಿಗೆ ಹೋಗುತ್ತದೆ, ವೈನಿ ಉಸಿರು ಎಳೆಯುತ್ತ ಕೂರಬೇಕು.

ಅಷ್ಟರಲ್ಲಿ ಓಣಿಯ ಬಾಯಿಗೆ ಒಂದು ಫಲಕ ಬಂತು. ಸಮ ತಾರೀಖಿಗೆ ಈ ಬಾಜು, ಬೆಸ ತಾರೀಖಿಗೆ ಆ ಬಾಜು ಗಾಡಿ ನಿಲ್ಲಿಸಬೇಕು. ಒಳ್ಳೆಯ ನಿಯಮವೇ. ಯಾರೂ ಪಾಲಿಸಲಿಲ್ಲ. ನಾನೇ ಎಲ್ಲರನ್ನೂ ಮೂಲೆಮನೆಯ ವಕೀಲರ ಕಟ್ಟೆಗೆ ಕೂಡಿಸಿದೆ.

“ಮುಂಜಾನೆ ಎದ್ದು ಸಮಾನೋ ಬೆಸಾನೋ ಅಂತ ಕ್ಯಾಲೆಂಡರ್ ಮುಂದ ನಿಂದ್ರಬೇಕೇನ್ರಿ?” ಎಂದ ಎದುರುಮನೆಯ ಕಬ್ಬಿನ ರೈತ. “ತಾರೀಖು ಸಾಲೀ ಹುಡುಗರಿಗಷ್ಟ ಗೊತ್ತಿರತೈತಿ.”

“ಕಾಯದೆ ಅಂದ್ರ ಕಾಯದೆ,” ಎಂದರು ವಕೀಲರು.

“ಹೌದ್ರಿ ಸಾಹೇಬ್ರ. ಕಾಯದೆ ಓದಿದವರ ಕಾರ ಇವತ್ತ ಯಾವ ಬಾಜೂ ನಿಂತೈತಿ, ತಿರುಗಿ ನೋಡ್ರಿ.”

ಎಲ್ಲರೂ ನಕ್ಕರು. ವಕೀಲರ ಕಾರು ತಪ್ಪು ಬಾಜುವಿನಲ್ಲೇ ನಿಂತಿತ್ತು. ನಕ್ಕಾಗಲೇ ಮಾತು ಕುದುರಿಸಬೇಕು, ಇದು ನನ್ನ ಧಂದೆ ಕಲಿಸಿದ್ದು.

“ತಾರೀಖು ಬಿಡ್ರಿ, ಅಮಾಸಿ ಮರೀತೀರೇನು?” ಎಂದು ಕೇಳಿದೆ.

ನಮ್ಮ ಕಡೆ ಗಾಡಿ ಇದ್ದವರು ಅಮಾಸಿ ಮರೆಯುವುದಿಲ್ಲ. ಅಂದು ಗಾಡಿ ಹೊರಗೆ ತೆಗೆದು ತೊಳೆದು, ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಮುಂದೆ ಹತ್ತಿಸಲೇಬೇಕು. ಹೇಗೂ ತೆಗೆಯುತ್ತೀರಿ, ತಿರುಗಿ ನಿಲ್ಲಿಸುವಾಗ ಎದುರು ಬಾಜು ನಿಲ್ಲಿಸಿ ಎಂದೆ. ಮುಂದಿನ ಅಮಾಸಿಯವರೆಗೆ ಆ ಬಾಜು, ಆಮೇಲೆ ಈ ಬಾಜು. ಒಪ್ಪಿದರು. ಜನರಿಂದ ಹೊಸ ಕೆಲಸ ಮಾಡಿಸಬೇಕಾದರೆ ಅದನ್ನು ಅವರು ಮಾಡುತ್ತಲೇ ಇರುವ ಕೆಲಸದ ಬಾಲಕ್ಕೆ ಕಟ್ಟಬೇಕು. ಇದನ್ನು ಬೇಕಾದರೆ ನೀವೂ ಮಾಡಿ ನೋಡಿ.

ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಹೊರಗಿನವರು ಫಲಕ ನೋಡುವುದಿಲ್ಲ, ಮುಂದೆ ನಿಂತ ಗಾಡಿ ನೋಡುತ್ತಾರೆ. ಅವರೂ ನಮ್ಮ ಬಾಜುವಿಗೇ ನಿಲ್ಲಿಸತೊಡಗಿದರು. ವ್ಯಾನು ಬಾಗಿಲಿಗೆ ಬರುತ್ತಿತ್ತು, ವೈನಿ ಮಿರಜ್‌ಗೆ ಹೋಗಿ ಬರುತ್ತಿದ್ದರು.

ನಾನು ಲೆಕ್ಕಕ್ಕೆ ಹಿಡಿಯದೆ ಹೋದದ್ದು ನಮ್ಮ ಓಣಿಯ ಗೋಡೆಗಳನ್ನು. ಕೆಲವು ಮನೆಯಲ್ಲಿ ಕನ್ನಡ ಕ್ಯಾಲೆಂಡರು, ಕೆಲವು ಮನೆಯಲ್ಲಿ ಕೊಲ್ಹಾಪುರದ ಕಡೆಯಿಂದ ಬಂದ ಮರಾಠಿ ಕ್ಯಾಲೆಂಡರು. ಒಂದು ಸಲ ಅಮಾವಾಸ್ಯೆ ಮಧ್ಯಾಹ್ನ ಹತ್ತಿ ಮರುದಿನ ಮಧ್ಯಾಹ್ನ ಬಿಡುವುದಿತ್ತು. ಒಂದರಲ್ಲಿ ಅಮಾಸಿ ಇವತ್ತು, ಇನ್ನೊಂದರಲ್ಲಿ ನಾಳೆ. ಅರ್ಧ ಓಣಿ ಗಾಡಿ ತೊಳೆದು ಎದುರು ಬಾಜುವಿಗೆ ಹೋಯಿತು. ಉಳಿದರ್ಧ ನಿಂತಲ್ಲೇ ನಿಂತಿತು. ಮರುದಿನ ವ್ಯಾನು ಬಂದಾಗ ಎರಡೂ ಬಾಜು ಗಾಡಿ, ನಡುವೆ ಒಂದು ಎಮ್ಮೆ ಹೋಗುವಷ್ಟು ದಾರಿ.

ವಕೀಲರು ಚಾವಿ ಜೇಬಿಗೆ ಹಾಕಿಕೊಂಡು ಆಗಲೇ ಕೋರ್ಟಿಗೆ ಹೋಗಿದ್ದರು. ಕಬ್ಬಿನ ರೈತ ಗಾಡಿ ಬಿಟ್ಟು ಬಸ್ಸಿಗೆ ಸದಲಗಾಕ್ಕೆ ಹೋಗಿದ್ದ. ಇದ್ದವರು ನಮ್ಮ ಅಮಾಸಿನೇ ಖರೆ ಎಂದು ಕ್ಯಾಲೆಂಡರು ತಂದು ತೋರಿಸತೊಡಗಿದರು. ಕಂಡಕ್ಟರಣ್ಣ ಆಸ್ಪತ್ರೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕೊನೆಗೆ ವೈನಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ, ಗಾಡಿಗಳ ನಡುವೆ ಅಡ್ಡಡ್ಡ ತಿರುಗಿಸುತ್ತ ಹೊತ್ತುಕೊಂಡು ನಡೆದೆವು. ಅವರ ಸೆರಗು ಒಂದು ಕಾರಿನ ಕನ್ನಡಿಗೆ ಸಿಕ್ಕಿತು.

“ಹಗೂರ ತಮ್ಮಾ,” ಎಂದರು ನನಗೆ. “ಓಣ್ಯಾಗ ಎರಡ ಅಮಾಸಿ ಆಗ್ಯಾವ. ನನ್ನದೊಂದು ಕೂಡಸಬ್ಯಾಡ.”

ಅಂದು ಅವರ ಪಾಳಿ ತಪ್ಪಿತು. ಸಂಜೆಯವರೆಗೆ ಕಾದು, ಮುಖ ಬೂದಿಯಾಗಿ ಬಂದರು. ಮರುದಿನ ಎಲ್ಲರನ್ನೂ ತಾವೇ ಮನೆಗೆ ಕರೆಸಿ, ಚಹಾ ಕೊಡಿಸಿದರು. ಬೈಯುತ್ತಾರೆಂದುಕೊಂಡಿದ್ದೆವು.

“ಗಾಡಿ ಎಲ್ಲಿ ಬೇಕಾದಲ್ಲಿ ನಿಲ್ಲಸ್ರಿ, ನಾ ಬ್ಯಾಡ ಅನ್ನಾಂಗಿಲ್ಲ. ಆದ್ರ ಬಿಟ್ಟು ಹೋಗೂ ಮುಂದ ಚಾವಿ ನಮ್ಮ ಪಡಸಾಲ್ಯಾಗಿನ ಗೂಟಕ್ಕ ಹಾಕಿ ಹೋಗ್ರಿ.”

“ಅಲ್ಲಬೇ ವೈನಿ, ಗಾಡಿ ತೆಗೆಯಾವ್ರು ಯಾರು?” ಎಂದ ಕಬ್ಬಿನ ರೈತ. “ನಮ್ಮ ಕಂಡಕ್ಟರಣ್ಣಾಗ ಸೀಟಿ ಊದಾಕಷ್ಟ ಬರತೈತಿ.”

ವೈನಿ ನನ್ನ ಕಡೆ ನೋಡಿದರು. “ಇವನ್ನೆಲ್ಲಾ ಕೊಡಸಿದಾಂವ ಯಾರು? ಅಂವನ ತೆಗೀಲಿ.”

ನಿಪ್ಪಾಣಿಯ ತಂಬಾಕು ವ್ಯಾಪಾರಿಗಳ ಜೊತೆ ಗಂಟೆಗಟ್ಟಲೆ ಚೌಕಾಶಿ ಮಾಡಿದವನು ನಾನು. ಇಷ್ಟು ಬೇಗ ಎಲ್ಲಿಯೂ ಸೋತಿರಲಿಲ್ಲ.

ಅಂದಿನಿಂದ ಮಿರಜ್‌ನ ಮುಂಜಾನೆಗಳಲ್ಲಿ ಗೂಟದಿಂದ ಚಾವಿ ತೆಗೆದುಕೊಂಡು ಓಣಿಯ ಗಾಡಿಗಳನ್ನು ಒಂದೊಂದಾಗಿ ಸರಿಸುವುದು ನನ್ನ ಪಾಲಿಗೆ ಬಂತು. ಮಳೆಯಲ್ಲೂ ಅದೇ, ಜ್ವರ ಬಂದರೂ ಅದೇ. ‘ಗಾಡಿ ಬೆಣ್ಣಿ ಐತಿ’ ಎಂದು ನಾನೇ ಹೊಗಳಿ ಕೊಡಿಸಿದ ಜೀಪಿನ ಕ್ಲಚ್ಚು ನನ್ನ ಎಡಮೊಣಕಾಲನ್ನೇ ತಿಂದಿತು. ತಾರೀಖಿಗೆ ಬಂದವರಲ್ಲೂ ಕೆಲವರು ಚಾವಿ ಕೊಟ್ಟು ಹೋಗತೊಡಗಿದರು, ನಾನು ಆ ಮನೆಯ ಆಳೆಂದುಕೊಂಡು. “ಗೇರು ಜ್ವಾಕಿಲೆ ಹಾಕಪ್ಪಾ,” ಎಂದು ನನಗೇ ಹೇಳುತ್ತಿದ್ದರು. ಎಷ್ಟೋ ಸಲ ಇದನ್ನು ಬಿಟ್ಟುಬಿಡಬೇಕೆನಿಸಿತು. ವೈನಿ ವ್ಯಾನು ಹತ್ತಿ ಕಿಟಕಿಯಿಂದ ಕೈ ಮಾಡುತ್ತಿದ್ದರು, ಅಷ್ಟರ ಬಲದಲ್ಲಿ ಮತ್ತೊಂದು ಸಲ ಚಾವಿ ಹಿಡಿಯುತ್ತಿದ್ದೆ.

ಒಂದು ಸಲ ವೈನಿಯನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಮರುದಿನ ಮುಂಜಾನೆ ಮಿರಜ್‌ನಿಂದ ಕಂಡಕ್ಟರಣ್ಣನ ಫೋನು ಬಂತು. ವೈನಿ ಹೋಗಿಬಿಟ್ಟಿದ್ದರು. ವ್ಯಾನು ಹೊರಟಿದೆ ಎಂದರು. ಬಾಗಿಲವರೆಗೆ ಬರುವ ಹಾಗೆ ದಾರಿ ಮಾಡಿಡು ಎಂದು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹಿತ್ತಲಿನಿಂದಲೇ ದಾಟಿ, ಚಾವಿಗಳಿಗಾಗಿ ಓಣಿಯವರಿಗೆಲ್ಲ ತೆರೆದೇ ಇಟ್ಟಿದ್ದ ಅವರ ಪಡಸಾಲೆಗೆ ಹೋದೆ. ಗೂಟದಲ್ಲಿ ಒಂದೂ ಚಾವಿ ಇರಲಿಲ್ಲ. ಇಂಥ ದಿನವೇ ಎಲ್ಲರೂ ಚಾವಿ ಒಯ್ದಿದ್ದಾರಲ್ಲ ಎಂದು ಸಿಟ್ಟು ನೆತ್ತಿಗೇರಿತು. ಬೈಯಲೆಂದೇ ಹೊರಗೆ ಬಂದೆ.

ಓಣಿಯಲ್ಲಿ ಒಂದೂ ಗಾಡಿ ಇರಲಿಲ್ಲ. ಈ ಬಾಜುವೂ ಇಲ್ಲ, ಆ ಬಾಜುವೂ ಇಲ್ಲ. ಸುದ್ದಿ ನನಗಿಂತ ಮೊದಲೇ ಓಣಿಗೆ ಮುಟ್ಟಿತ್ತು. ವಕೀಲರು ಕೋರ್ಟಿಗೆ ಹೋಗದೆ ಓಣಿಯ ಬಾಯಲ್ಲಿ ನಿಂತು, ತಾರೀಖಿಗೆ ಬಂದವರನ್ನು ಕೈಸನ್ನೆ ಮಾಡಿ ಮುಂದೆ ಕಳಿಸುತ್ತಿದ್ದರು.

ವ್ಯಾನು ಎಲ್ಲೂ ತಡೆಯದೆ ಬಾಗಿಲಿಗೆ ಬಂತು. ಕಂಡಕ್ಟರಣ್ಣ ಇಳಿದು, ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

“ಇಷ್ಟ ಅಗಲ ಇತ್ತೇನೋ ನಮ್ಮ ಓಣಿ?” ಎಂದರು.

ವೈನಿಯ ದಿವಸದ ಕಾರ್ಯ ಮುಗಿಯುವ ಮೊದಲೇ ಗಾಡಿಗಳು ಬಂದು ಎರಡೂ ಬಾಜು ನಿಂತವು. ಚಾವಿಗಳು ಮಾತ್ರ ಈಗ ಅವರವರ ಜೇಬಿನಲ್ಲಿ.