ಕುಂಬಳೆಯಾಚೆ ನಿಂತ ರೈಲು

ಕಾಸರಗೋಡಿನಿಂದ ಪುತ್ತೂರಿಗೆ ಬರಲು ಮಂಗಳೂರು ಸುತ್ತುವವರು ಯಾರೂ ಇಲ್ಲ. ಜಾಲ್ಸೂರಿನ ಮೇಲಾಗಿ ಹೋಗುವ ಬಸ್ಸು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮನೆ. ಆ ವರ್ಷದ ಆಟಿ ತಿಂಗಳ ಜಡಿಮಳೆಗೆ ಗುಡ್ಡ ಜರಿದು ಆ ದಾರಿ ಕಟ್ಟಿತು. ಕಾಸರಗೋಡಿನ ಅಕ್ಕನ ಮನೆಯಲ್ಲೇ ಇನ್ನೆರಡು ದಿನ ನಿಲ್ಲೋಣವೆಂದೆ. ನನ್ನ ಗಂಡನಿಗೆ ಪುತ್ತೂರಿನ ಹೊಲಿಗೆ ಅಂಗಡಿಯದೇ ಚಿಂತೆ. ರೈಲಿನಲ್ಲಿ ಹೋಗುವ ಎಂದರು. ನನಗೆ ಆಗ ಏಳು ತಿಂಗಳು. ಹಿಂದಿನ ಬಸುರು ನಿಂತಿರಲಿಲ್ಲವಾದ್ದರಿಂದ ಹೆಚ್ಚು ಹೊತ್ತು ಕಾಲಮೇಲೆ ಇರಬಾರದೆಂದು ಡಾಕ್ಟರು ಹೇಳಿದ್ದರು.

ಹಿಂದಿನ ದಿನ ಗಾಡಿ ಸಿಗದವರೂ ಸೇರಿ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನ ಗಾಡಿ ಬಂತು. ನಾವು ಹತ್ತಿದೆವು ಎನ್ನುವುದಕ್ಕಿಂತ ಜನ ನಮ್ಮನ್ನು ಒಳಗೆ ತಳ್ಳಿದರು ಎನ್ನಬೇಕು. ಕುಂಬಳೆ ದಾಟಿ ಸ್ವಲ್ಪ ದೂರ ಹೋದದ್ದು ನಿಂತೇಬಿಟ್ಟಿತು. ಮುಂದೆ ಹಳಿಯ ಕೆಳಗಿನ ಜಲ್ಲಿ ಮಳೆಗೆ ಕೊಚ್ಚಿಹೋಗಿದೆಯಂತೆ. ಕಿಟಿಕಿಗಳನ್ನೆಲ್ಲ ಮುಚ್ಚಿದ್ದರು, ಒಳಗೆ ಬೆವರು, ಒದ್ದೆ ಕೊಡೆ, ಕಲ್ಲಿದ್ದಲಿನ ಹೊಗೆ. ತುಳು, ಮಲಯಾಳ, ಬ್ಯಾರಿ, ಎಲ್ಲದರಲ್ಲೂ ರೈಲಿಗೆ ಬೈಗುಳ. ನನ್ನ ಕಾಲು ಬಾತಿತ್ತು. ಬೆಳಗ್ಗಿನಿಂದ ಕೂಸು ಒಮ್ಮೆಯೂ ಅಲುಗಿರಲಿಲ್ಲ. ಹೆದರಿಕೆಯಾಗಿ ಗಂಡನಿಗೆ ಹೇಳಿದೆ.

ಆಗ ಅವರ ಕಣ್ಣಿಗೆ ಆ ಸೀಟು ಬಿತ್ತು. ಒಬ್ಬ ಮುದುಕ, ಪಕ್ಕದಲ್ಲಿ ಅವನ ಹೆಂಡತಿ, ಆಚೆ ಕಿಟಿಕಿಯ ಬಳಿ ಒಬ್ಬರು ಕೂರುವಷ್ಟು ಜಾಗ. ಅಲ್ಲಿ ಮಡಿಸಿದ ಹಸುರು ಸೀರೆ, ಮೇಲೆ ಗಾಜಿನ ಬಳೆ, ಮಲ್ಲಿಗೆ. "ಇಲ್ಲಿ ಜನ ಉಂಟು," ಎಂದ ಮುದುಕ. ಗಂಡ ರೇಗಿದರು, ಸುತ್ತಲಿನವರೂ ದನಿಗೂಡಿಸಿದರು. ಸೀರೆಗೆ ಎಂತದು ಸೀಟು ಎನ್ನುತ್ತ ಒಬ್ಬ ಅದನ್ನೆತ್ತಲು ಕೈ ಚಾಚಿದ.

"ಮುಟ್ಟಬೇಡಿ," ಎಂದಳು ಮುದುಕಿ. "ನಮ್ಮ ಮಗಳು. ನಾಳೆ ಕಡಬದ ಹತ್ತಿರ ಕೋಡಿಂಬಾಳದಲ್ಲಿ ಮದುವೆ. ಹುಡುಗನೂ ತೀರಿಹೋದವನೇ."

ಚಾಚಿದ ಕೈ ಹಿಂದಕ್ಕೆ ಹೋಯಿತು. ಮದುವೆಯಾಗದೆ ಸತ್ತವರಿಗೆ ಆಟಿಯಲ್ಲಿ ಮದುವೆ ಮಾಡಿಸುವುದು ನಮ್ಮ ಕಡೆ ಹೊಸತಲ್ಲ. ಆದರೆ ಅಂಥ ಮದುಮಗಳ ಜೊತೆ ಪ್ರಯಾಣ ಮಾಡಿದವರು ಅಲ್ಲಿ ಯಾರೂ ಇರಲಿಲ್ಲ. ಬೈಗುಳ ನಿಂತಿತು. ಉಸಿರಾಡಲು ಎಡೆಯಿಲ್ಲದ ಡಬ್ಬಿಯಲ್ಲಿ ಜನ ಇನ್ನಷ್ಟು ಒತ್ತಿಕೊಂಡು ಆ ಸೀಟಿನಿಂದ ದೂರ ಸರಿದರು. ಬಸುರಿ ಅತ್ತ ನೋಡಲೂ ಬಾರದೆಂದು ಗಂಡ ನನ್ನ ರಟ್ಟೆ ಹಿಡಿದೆಳೆದರು. ನನಗೋ ಕಣ್ಣು ಕತ್ತಲಿಟ್ಟುಕೊಂಡು ಬಂತು.

ಮುದುಕಿ ನನ್ನನ್ನೇ ನೋಡುತ್ತಿದ್ದವಳು ಕಿಟಿಕಿಯ ಕಡೆ ತಿರುಗಿದಳು. "ಮಗಾ, ಚೂರು ಸರಿದು ಕೂರು. ಬಸುರಿ ಹೆಂಗಸು." ಸ್ವಲ್ಪ ಹೊತ್ತು ಕಾದಳು. ಆಮೇಲೆ ಸೀರೆಯನ್ನು ಒಂದು ಗೇಣು ಅತ್ತ ಸರಿಸಿದಳು.

ಗಂಡನ ಕೈ ಬಿಡಿಸಿಕೊಂಡು ಹೋಗಿ ಕೂತೆ. ಹೆದರಲಿಲ್ಲ ಎಂದರೆ ಸುಳ್ಳಾದೀತು. ಮುದುಕಿಗೆ ತಾಗಿದ ಮಗ್ಗುಲು ಬೆವರುತ್ತಿತ್ತು, ಸೀರೆಯ ಕಡೆಯ ಮಗ್ಗುಲು ತಣ್ಣಗಿತ್ತು. ಕಿಟಿಕಿಯ ಗಾಳಿಯೆಂದುಕೊಂಡೆ, ಕಿಟಿಕಿ ಮುಚ್ಚಿತ್ತು. ಅಷ್ಟರಲ್ಲಿ ಕೂಸು ಒದ್ದಿತು, ಆ ತಣ್ಣಗಿನ ಕಡೆಗೇ. ನನಗೆ ಅಳು ಬಂತು.

ಸಂಜೆ ಗಾಡಿ ಹೊರಟಿತು. ಮಂಗಳೂರಿನಲ್ಲಿ ಮುದುಕಿ ಸೀರೆಯನ್ನು ಎದೆಗೊತ್ತಿಕೊಂಡು, ಬಾ ಮಗಾ ಎಂದು ಎರಡು ಸಲ ಕರೆದಳು. ಬಾಗಿಲಲ್ಲಿ ನಿಂತು ಮತ್ತೆ ಹಿಂದೆ ನೋಡಿದಳು. ಅವರು ಉಪ್ಪಿನಂಗಡಿಯ ಮೇಲಾಗಿ ಕಡಬಕ್ಕೆ ಹೋಗುವ ಬಸ್ಸಿಗೆ ನಡೆದರು, ನಾವು ಪುತ್ತೂರಿನ ಬಸ್ಸಿಗೆ.

ಅಲ್ಲೂ ನೂಕುನುಗ್ಗಲು. ಆದರೂ ನನ್ನ ಪಕ್ಕದ ಜಾಗಕ್ಕೆ ಯಾರೂ ಬರಲಿಲ್ಲ. ಟಿಕೇಟು ಮಾಡಿಸಿಕೊಂಡು ಗಂಡ ಕೂರಲು ಬಂದಾಗ ನನ್ನ ಕೈ ತಾನಾಗಿ ಅಡ್ಡ ಹೋಯಿತು.

"ಇಲ್ಲಿ ಜನ ಉಂಟು," ಎಂದೆ.

ಅವರು ಮೇಲಿನ ಕಂಬಿ ಹಿಡಿದುಕೊಂಡರು. ಪುತ್ತೂರಿನವರೆಗೆ ನಿಂತೇ ಬಂದರು.