ಪುಟ್ಟಗೌರಮ್ಮ ಅಳಿಸಿದ ಗುರುತು

ಕೃಷ್ಣರಾಜಪೇಟೆ ಬಸ್ ಸ್ಟ್ಯಾಂಡಿನ ಎದುರು ಪುಟ್ಟಗೌರಮ್ಮನ ಎಸ್‌ಟಿಡಿ ಬೂತಿಗೆ ಇಂಟರ್‌ನೆಟ್ ಕಂಪ್ಯೂಟರು ಬಂದದ್ದು ತೊಂಬತ್ತೊಂಬತ್ತರಲ್ಲಿ. ಗಂಡ ಸತ್ತ ಮೇಲೆ ಅಂಗಡಿ ನಡೆಸುತ್ತಿದ್ದವಳು ಅವಳೇ. ಮೈಸೂರಿನ ಗೆಳತಿಗೆ ಈಮೇಲ್ ಬರೆಯಲು ಬೂಕನಕೆರೆಯಿಂದ ರಂಜಿತ ಎಂಬ ಟೀಚರು ಬರುತ್ತಿದ್ದಳು. ಮುಂಗೈ ಮೇಲೆ ಬೀಡಿ ಸುಟ್ಟ ಕಲೆಗಳು. ಪುಟ್ಟಗೌರಮ್ಮ ನೋಡಿದ್ದಳು, ಕೇಳಿರಲಿಲ್ಲ.

ಒಂದು ಮಧ್ಯಾಹ್ನ ರಂಜಿತ ಎದ್ದುಹೋದ ಕುರ್ಚಿಯಲ್ಲೇ ಅವಳ ಗಂಡ ದಿಲೀಪ ಬಂದು ಕೂತ. ಸಕ್ಕರೆ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದವನಿಗೆ ಕಂಪ್ಯೂಟರು ಗೊತ್ತಿತ್ತು. ಈಮೇಲ್ ಪುಟ ತೆರೆದದ್ದೇ ತಡ, ಪಾಸ್‌ವರ್ಡೂ ಕೇಳದೆ ಹೆಂಡತಿಯ ಪತ್ರಗಳೆಲ್ಲ ಬಿಚ್ಚಿಕೊಂಡವು. ಮನೆ ಬಿಟ್ಟು ಬರುತ್ತೇನೆಂದು ಅವಳು ಬರೆದದ್ದನ್ನು ಓದಿದವನೇ ಹೊರಗೆ ಹಾರಿದ. ಬಸ್ಸಿಗೆ ಕಾಯುತ್ತಿದ್ದವಳನ್ನು ಜಡೆ ಹಿಡಿದು ಕೆಡವಿ, ಮುಖವನ್ನು ರಸ್ತೆಯಂಚಿನ ಕಲ್ಲಿಗೆ ಜಜ್ಜಿದ. ಹಲ್ಲು ಉದುರಿದವು. ಜನ ಸುತ್ತ ನಿಂತು ನೋಡಿದರು. ಪುಟ್ಟಗೌರಮ್ಮನೂ ನೋಡಿದಳು, ಕಾಲು ಮುಂದೆ ಬರಲಿಲ್ಲ.

ಕಂಪ್ಯೂಟರ್ ರಿಪೇರಿಯ ಮರಿಸ್ವಾಮಿ ಬಂದಾಗ ಕೇಳಿದಳು: "ಅವ್ಳು ಎದ್ದೋದ್ಮೇಲೂ ಅವ್ಳ ಕಾಗ್ದ ಅವನ್ಗೆ ಎಂಗಪ್ಪ ಸಿಕ್ತು?"

"ಕುಕಿ ಅಂತಾರೆ ಕಣಕ್ಕ. ಬಂದೋರ ಗುರ್ತಿಗೆ ಪೇಜು ಮಿಸಿನ್ನೊಳ್ಗೆ ಗೊತ್ತಾಗ್ದಂಗೆ ಒಂದು ಚೀಟಿ ಬಚ್ಚಿಟ್ಟೋಯ್ತದೆ. ಜಾಹೀರಾತ್ನೋರೂ ಮಡಗ್ತಾರೆ, ಯಾರು ಏನ್ ನೋಡ್ತಾರೆ ಅಂತ ಬೆನ್ನತ್ತಕ್ಕೆ."

"ನನ್ನಂಗ್ಡೀಲಿ ಅದು ಬ್ಯಾಡ. ತಡಿಯಕ್ಕಾಯ್ತದಾ?"

ಜಾಹೀರಾತಿನ ಚೀಟಿಗಳು ಒಳಗೇ ಬಾರದಂತೆ ಮರಿಸ್ವಾಮಿ ತಡೆ ಹಾಕಿದ. ಉಳಿದದ್ದನ್ನು ಅಳಿಸುವುದನ್ನು ಕಲಿಸಿದ. ಅಂದಿನಿಂದ ಗಿರಾಕಿ ಎದ್ದರೆ ಸಾಕು, ಅವಳು ಹೋಗಿ ಎಲ್ಲವನ್ನೂ ಅಳಿಸುತ್ತಿದ್ದಳು.

ತುಟಿಯ ಹೊಲಿಗೆ ಬಿಚ್ಚುವ ಮೊದಲೇ ರಂಜಿತ ಬಂದಳು, ಬರೆದಳು, ಮೈಸೂರಿನದಲ್ಲ, ಬೇರೆ ಊರಿನ ಬಸ್ಸು ಹತ್ತಿದಳು. ಸಂಜೆ ದಿಲೀಪ ಹುಡುಕಿಕೊಂಡು ಬಂದ. ಎಷ್ಟು ತಡಕಿದರೂ ಕಂಪ್ಯೂಟರಿನಲ್ಲಿ ಏನೂ ಸಿಗಲಿಲ್ಲ.

"ಎಲ್ಲೋದ್ಲು, ಯೋಳು."

"ಯೋಳಕ್ಕಿಲ್ಲ."

ಅವನು ಮಾನಿಟರನ್ನು ಎತ್ತಿ ನೆಲಕ್ಕೆ ಬಡಿದ. ಅವಳ ಕೈಯನ್ನು ಮೇಜಿನ ಡ್ರಾಯರಿಗೆ ಸಿಕ್ಕಿಸಿ ಒದ್ದ; ಕಿರುಬೆರಳು ಲಟಕ್ಕೆಂದಿತು. ಕುತ್ತಿಗೆ ಹಿಸುಕಲು ಬಂದಾಗ ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಅವಳ ಇನ್ನೊಂದು ಕೈಗೆ ಸಿಕ್ಕಿತು. ಮೊದಲ ಏಟು ಅವನ ಮೊಣಕೈಗೆ ಬಿತ್ತು, ಮುಂದಿನದು ಕಿವಿಯ ಮೇಲೆ. ರಕ್ತ ಗೋಡೆಗೆ ಚಿಮ್ಮಿತು. ಅವನು ಬಿದ್ದ ಮೇಲೂ ಹೊಡೆದಳು. ಜನ ಓಡಿಬಂದು ಎಳೆದಾಗಲೇ ನಿಂತದ್ದು.

ಕೇಸು ರಾಜಿಯಲ್ಲಿ ಮುಗಿಯಿತು. ಅವನ ಮೊಣಕೈ ಮತ್ತೆ ಪೂರ್ತಿ ಮಡಚಲಿಲ್ಲ, ಅವಳ ಬೆರಳು ನೆಟ್ಟಗಾಗಲಿಲ್ಲ. ಒಬ್ಬನ ಮೈ ಮುರಿದೆನಲ್ಲ ಎಂಬ ಅಳುಕು ತನಗೇಕೆ ಹುಟ್ಟಲಿಲ್ಲ ಎಂಬುದೇ ಪುಟ್ಟಗೌರಮ್ಮನನ್ನು ಬಹಳ ದಿನ ಕಾಡಿತು. ರಂಜಿತಳಿಂದ ಸುದ್ದಿಯೇ ಇರಲಿಲ್ಲ. ಬರೆಯದೇ ಇರಲಿ, ಎಲ್ಲಾದರೂ ಬದುಕಿರಲಿ ಎಂದುಕೊಂಡು ಪುಟ್ಟಗೌರಮ್ಮ ಹೊಸ ಮಾನಿಟರು ತರಿಸಿದಳು.