ದ್ಯಾಮಪ್ಪ ತೆಗೆದ ಫೋಟೊ

ಬಸವೇಶ್ವರನಗರದ ನನ್ನ ಪುಟ್ಟ ಗ್ರಂಥಾಲಯದಲ್ಲಿ ದೋಣಿಯಾನದ ಪುಸ್ತಕವೊಂದರ ಬಗ್ಗೆ ಇಬ್ಬರು ಓದುಗರ ಜಗಳ ನಡೆದಿತ್ತು.

"ಈ ಲೇಖಕ ಹದಿನೆಂಟು ದಿನ ಒಬ್ಬನೇ ಹುಟ್ಟು ಹಾಕ್ಕೊಂಡು ಕೃಷ್ಣಾ ನದೀಲಿ ಹೋಗಿದಾನೆ ಕಣೇ!" ಎಂದ ಭೈರೇಶ್.

"ಬರೀ ಜಂಭ ಕಣೋ," ಎಂದಳು ಕುಸುಮಾ.

ನಾನಂತೂ ಬಂದವರಿಗೆಲ್ಲ ಅದನ್ನೇ ಓದಿ ಎನ್ನುತ್ತಿದ್ದೆ.

ಕೃಷ್ಣೆಯ ದಡದ ತಮ್ಮೂರಲ್ಲಿ ಅಂಬಿಗರಾಗಿದ್ದು ಈಗ ಪಕ್ಕದ ಕಟ್ಟಡ ಕಾಯುವ ದ್ಯಾಮಪ್ಪ, ಪುಟ ತಿರುವಿ ಲೇಖಕರ ಫೋಟೊದ ಮೇಲೆ ಬೆರಳಿಟ್ಟರು.

"ಇದನ್ನ ತೆಗದಾಂವ ನಾನರೀ. ದೋಣೀನೂ ನಂದ, ಹುಟ್ಟು ಹಾಕಿದಾಂವನೂ ನಾನ. ಅವರು ಹುಟ್ಟು ಹಿಡಿದದ್ದು ಫೋಟೊಕ್ಕಷ್ಟ."

ಮೂವರೂ ಬೆಚ್ಚಿಬಿದ್ದೆವು. ಶಿವನೇ, ಈ ಸುಳ್ಳನ್ನು ಎಷ್ಟು ಜನರ ಕೈಗೆ ಕೊಟ್ಟುಬಿಟ್ಟೆ!

"ಮನಿಗೆ ಒಯ್ಲೇನ್ರೀ ಅಕ್ಕಾರ? ಆ ಹದಿನೆಂಟು ದಿನ ಎಲ್ಲಿದ್ದಿ ಅಂತ ಹೇಣ್ತಿ ಗುರವ್ವ ಇನ್ನೂ ಕೇಳ್ತಾಳ."

ಪುಸ್ತಕದಲ್ಲಿ ಗೀಚಬೇಡಿ ಎಂದು ಬೋರ್ಡು ಹಾಕಿದವಳು ನಾನೇ. ಫೋಟೊದ ಕೆಳಗೆ 'ಫೋಟೊ ತೆಗೆದವರು, ಹುಟ್ಟು ಹಾಕಿದವರು: ದ್ಯಾಮಪ್ಪ' ಎಂದು ಬರೆದುಕೊಟ್ಟೆ.